ಹೆಣೆದು ತಿರುಗುವ ಜೋಡಿ ರೋಟರುಗಳು: ನಡೆಯದೆ ಉಳಿದ ಒಂದು ದಾರಿಯ ಚರಿತ್ರೆ

ಕೊರಟಗೆರೆ ಸೀಮೆಯ ಸಿದ್ದರಬೆಟ್ಟವು ಗಿಡಮೂಲಿಕೆಗಳಿಗೂ ಸಿದ್ಧರ ಗವಿಗೂ ಹೆಸರಾದುದು. ಮಧುಗಿರಿ, ಪಾವಗಡಗಳ ಕೋಟೆಗಳನ್ನೂ ಸಿರಾದ ಮೊಗಲ್ ಸುಬೆಯನ್ನೂ ಕುರಿತು ಬರೆದವರು ಹಲವರುಂಟು. ಈ ನಾಡಿನ ಇತಿಹಾಸ ಅಲ್ಲಿಗೆ ಮುಗಿಯಿತೆಂಬ ಭಾವನೆಯೂ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ. ಕೆಲವು ತಿಂಗಳ ಹಿಂದೆ ನಾವು ವಿದ್ಯಾರ್ಥಿಗಳೊಡನೆ ಈ ಬೆಟ್ಟವನ್ನು ಏರಿದ್ದಾಗ ಹೆಲಿಕಾಪ್ಟರೊಂದು ನೆತ್ತಿಯ ಮೇಲೆ ಹಾದುಹೋಯಿತು. ಅದನ್ನು ಕಣ್ಮರೆಯಾಗುವವರೆಗೂ ನೋಡುತ್ತಿದ್ದ ವಿದ್ಯಾರ್ಥಿಯೊಬ್ಬನು, "ಮೇಲಿನ ದೊಡ್ಡ ಚಕ್ರ ಸರಿ, ಸಾರ್, ಬಾಲದ ಆ ಪುಟ್ಟ ಚಕ್ರ ಏತಕ್ಕೆ? ಅದಿಲ್ಲದೆ ಆಗುವುದಿಲ್ಲವೆ?" ಎಂದು ಕೇಳಿದನು. ಆಗುತ್ತದೆ, ಆಗಿಯೂ ಇದೆ. ಆದರೆ ಆದದ್ದು ಏಕೆ ನಿಲ್ಲಲಿಲ್ಲವೆಂಬುದನ್ನು ಬೆಟ್ಟ ಇಳಿಯುವಷ್ಟರಲ್ಲಿ ಹೇಳಿ ಮುಗಿಸಲು ನಮ್ಮಿಂದ ಸಾಧ್ಯವಾಗಲಿಲ್ಲ. ಆ ಉತ್ತರವನ್ನು ಇಲ್ಲಿ ಪೂರ್ತಿಗೊಳಿಸುವ ಪ್ರಯತ್ನ ಮಾಡಿದ್ದೇವೆ.

ಈ ಪ್ರಶ್ನೆಗೂ ತುಮಕೂರು ಜಿಲ್ಲೆಗೂ ಸಂಬಂಧವಿಲ್ಲದಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ನೆಲದ ಮೇಲೆ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. ಅದರ ಶಂಕುಸ್ಥಾಪನೆ 2016ರ ಜನವರಿ 3ರಂದು, ಉದ್ಘಾಟನೆ 2023ರ ಫೆಬ್ರವರಿ 6ರಂದು ನಡೆದವು. ಕಾವಲು ಎಂದರೆ ದನಗಳ ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲು. ಅಂತಹ ಹೆಸರಿನ ನೆಲದಲ್ಲಿ ನಿಂತ ಈ ಕಾರ್ಖಾನೆಯಲ್ಲಿ ಮೊದಲು ಕೈಗೆತ್ತಿಕೊಂಡದ್ದು ಮೂರು ಟನ್ ವರ್ಗದ ಲಘು ಉಪಯೋಗಿ ಹೆಲಿಕಾಪ್ಟರು. ಅದರ ಬಾಲದಲ್ಲಿಯೂ ಪುಟ್ಟ ರೋಟರು ಇದ್ದೇ ಇದೆ.

ಮೊದಲು ಯಂತ್ರದ ವಿಷಯವನ್ನು ತಿಳಿಯೋಣ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಒಂದು ಅನುಭವ ಇರುತ್ತದೆ. ಅಂಬಿಗನು ಹುಟ್ಟನ್ನು ಒಂದೇ ಮಗ್ಗುಲಲ್ಲಿ ಎಳೆದರೆ ಹರಿಗೋಲು ಮುಂದೆ ಹೋಗುವುದಕ್ಕೆ ಬದಲಾಗಿ ನಿಂತಲ್ಲಿಯೇ ಗಿರಗಿರನೆ ಸುತ್ತುತ್ತದೆ. ಆದುದರಿಂದ ಅವನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹುಟ್ಟು ಹಾಕುತ್ತಾನೆ. ಹೆಲಿಕಾಪ್ಟರಿನ ತೊಡಕೂ ಈ ಜಾತಿಯದೇ. ಇಂಜಿನು ರೋಟರನ್ನು ಒಂದು ದಿಕ್ಕಿಗೆ ತಿರುಗಿಸಿದರೆ, ಅದರ ಪ್ರತಿಕ್ರಿಯೆಯಾಗಿ ಒಡಲು ಇನ್ನೊಂದು ದಿಕ್ಕಿಗೆ ತಿರುಗಲೆಳಸುತ್ತದೆ. ಬಾಲದ ರೋಟರು ಒಡಲನ್ನು ಪಕ್ಕದಿಂದ ತಳ್ಳಿ ಈ ತಿರುಚುಬಲವನ್ನು ತಡೆಯುತ್ತದೆ. ಇದು ಸರಳವಾದ ಉಪಾಯ, ಆದರೆ ಪುಕ್ಕಟೆಯದಲ್ಲ. ಒಂದೆಡೆ ನಿಂತು ತೇಲುವಾಗ ಇಂಜಿನಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು ಹತ್ತು ಪಾಲನ್ನು ಬಾಲವೇ ನುಂಗುತ್ತದೆ. ಆ ಶಕ್ತಿಯಿಂದ ಒಂದು ಸೇರು ಭಾರವೂ ಮೇಲೇಳುವುದಿಲ್ಲ.

ಇನ್ನೊಂದು ಉಪಾಯವೆಂದರೆ ವಿರುದ್ಧ ದಿಕ್ಕುಗಳಲ್ಲಿ ತಿರುಗುವ ಎರಡು ರೋಟರುಗಳನ್ನು ನಿಲ್ಲಿಸುವುದು. ಆಗ ಒಂದರ ತಿರುಚುಬಲ ಇನ್ನೊಂದರದನ್ನು ಅಳಿಸುತ್ತದೆ. ಅವುಗಳನ್ನು ದೂರದೂರ ಇಟ್ಟರೆ ವಾಹನ ಉದ್ದವಾಗುತ್ತದೆ, ಇಲ್ಲವೆ ಅಗಲವಾಗುತ್ತದೆ. ಒಂದೇ ಅಚ್ಚಿನಲ್ಲಿ ಒಂದರ ಮೇಲೊಂದನ್ನು ಇಟ್ಟರೆ ನಡುವಣ ಯಂತ್ರಭಾಗ ಜಟಿಲವಾಗುತ್ತದೆ. ನಮ್ಮ ವಿಷಯವಾದ ಹೆಣೆಗೆಯ ವಿಧಾನದಲ್ಲಿ ಎರಡು ಅಚ್ಚುಗಳೂ ಪಕ್ಕಪಕ್ಕದಲ್ಲಿಯೇ ನಿಂತು, ಕವೆಗೋಲಿನಂತೆ ಹೊರಕ್ಕೆ ವಾಲಿರುತ್ತವೆ. ಒಂದೊಂದಕ್ಕೂ ಎರಡೆರಡು ಅಲಗುಗಳು. ಒಂದರ ಅಲಗುಗಳು ಅಡ್ಡಲಾಗಿರುವಾಗ ಇನ್ನೊಂದರವು ಉದ್ದಕ್ಕೆ ಇರುತ್ತವೆ. ಅಚ್ಚುಗಳು ವಾಲಿರುವುದರಿಂದ ಒಂದರ ಅಲಗು ಮತ್ತೊಂದರ ನೆತ್ತಿಯ ಮೇಲೆ, ಅದನ್ನು ಮುಟ್ಟದೆ, ಹಾದುಹೋಗುತ್ತದೆ. ದೂರದಿಂದ ನೋಡುವವರಿಗೆ ಈಗಲೋ ಆಗಲೋ ಡಿಕ್ಕಿಯಾಗುವಂತೆ ತೋರುವುದು ಸಹಜ. ಆದರೆ ಆಲೆಮನೆಯ ಗಾಣವನ್ನು ನೋಡಿದವರು ಅಂಜಬೇಕಾದುದಿಲ್ಲ. ಅಲ್ಲಿ ಒಂದು ಉರುಳೆ ತಿರುಗಿದರೆ, ಹಲ್ಲಿಗೆ ಹಲ್ಲು ಕೂಡಿದ ಪಕ್ಕದ ಉರುಳೆ ವಿರುದ್ಧವಾಗಿ ತಿರುಗಲೇಬೇಕು. ಇಲ್ಲಿಯೂ ರೋಟರುಗಳೆರಡನ್ನೂ ಹಲ್ಲುಚಕ್ರಗಳು ಬಂಧಿಸಿರುತ್ತವೆ. ಇಂಜಿನು ನಿಂತುಹೋದರೂ ಈ ಬಂಧ ಬಿಡುವುದಿಲ್ಲ. ಆದುದರಿಂದ ಅಲಗುಗಳ ತಾಳ ತಪ್ಪುವುದಿಲ್ಲ.

ಅಚ್ಚುಗಳನ್ನು ವಾಲಿಸಿದುದರಿಂದ ಎತ್ತುವ ಬಲ ಕಡಮೆಯಾಗುವುದಿಲ್ಲವೆ ಎಂದು ಓದುಗರು ಕೇಳಬಹುದು. ಕಡಮೆಯಾಗುತ್ತದೆ, ಆದರೆ ಅತ್ಯಲ್ಪ. ಮುಂದೆ ಹೇಳಲಿರುವ ಜರ್ಮನ್ ವಾಹನದಲ್ಲಿ ಪ್ರತಿಯೊಂದು ಅಚ್ಚಿನ ವಾಲು 12 ಡಿಗ್ರಿ. ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು ಎರಡು ಪಾಲು ಮಾತ್ರ ನಷ್ಟ. ಎರಡು ರೋಟರುಗಳ ಗಾಳಿ ಒಂದರೊಳಗೊಂದು ಬೀಳುವುದರಿಂದ ಆಗುವ ನಷ್ಟ ಬೇರೆ ಇದೆ. ಆದರೂ ಬಾಲಕ್ಕೆ ಶಕ್ತಿ ತೆರಬೇಕಾಗಿಲ್ಲದ ಕಾರಣ ಭಾರ ಎತ್ತುವ ಕೆಲಸದಲ್ಲಿ ಈ ಮಾದರಿಯದೇ ಮೇಲುಗೈ. ಮೂತಿಯನ್ನು ಎಡಬಲಕ್ಕೆ ತಿರುಗಿಸಬೇಕಾದರೆ ಚಾಲಕನು ಒಂದು ರೋಟರಿನ ಹೊರೆಯನ್ನು ಹೆಚ್ಚಿಸಿ ಇನ್ನೊಂದರದನ್ನು ತಗ್ಗಿಸುತ್ತಾನೆ. ಸಮತೂಕ ತಪ್ಪಿದಷ್ಟಕ್ಕೆ ಒಡಲು ತಿರುಗುತ್ತದೆ. ಇಲ್ಲೊಂದು ವಿಚಿತ್ರವುಂಟು. ಇಂಜಿನು ನಿಂತು ವಾಹನವು ಗಾಳಿಯ ಬಲದಿಂದಲೇ ರೋಟರನ್ನು ತಿರುಗಿಸಿಕೊಂಡು ಇಳಿಯುವಾಗ ಈ ಕ್ರಮದ ಪರಿಣಾಮ ತಲೆಕೆಳಗಾಗುತ್ತದೆ. ಇದಕ್ಕೆ ಪರಿಹಾರ ಹುಡುಕುವುದು ಎಂಜಿನಿಯರುಗಳಿಗೆ ಸಾಕಷ್ಟು ತಲೆನೋವಿನ ಕೆಲಸವಾಯಿತು.

ಈ ಮಾದರಿಯನ್ನು ಬಳಕೆಗೆ ತಂದವನು ಆಂಟನ್ ಫ್ಲೆಟ್ನರ್. ತಿರುಗುವ ಸ್ತಂಭಗಳ ನೆರವಿನಿಂದ ಸಾಗುವ 'ಬುಕಾವ್' ಹಡಗನ್ನು 1924ರಲ್ಲಿಯೇ ತೇಲಿಸಿ ಹೆಸರಾಗಿದ್ದವನು ಈತ. ಈತನ ಎಫ್‌ಎಲ್ 265 ವಾಹನ 1939ರಲ್ಲಿ ಹಾರಿತು. ಅದೇ ವರ್ಷದ ಸೆಪ್ಟೆಂಬರ್ 14ರಂದು ಅಮೆರಿಕದಲ್ಲಿ ಸಿಕೋರ್ಸ್ಕಿಯ ವಿಎಸ್-300, ಹಗ್ಗ ಬಿಗಿದ ಸ್ಥಿತಿಯಲ್ಲಿ, ನೆಲ ಬಿಟ್ಟು ಎದ್ದಿತು. ಎಂದರೆ ಹೆಣೆಗೆಯ ದಾರಿಯೂ ಬಾಲದ ದಾರಿಯೂ ಒಂದೇ ವರ್ಷದಲ್ಲಿ ಹೊರಟವು. ಇದು ಗಮನಾರ್ಹ, ಒಂದು ಮೊದಲು, ಇನ್ನೊಂದು ಅದರ ಸುಧಾರಿತ ರೂಪ ಎಂದು ನಮ್ಮ ವಿದ್ಯಾರ್ಥಿಗಳು ಊಹಿಸುವುದು ಸರಿಯಲ್ಲ. 1941ರಲ್ಲಿ ಹಾರಿದ ಎಫ್‌ಎಲ್ 282 'ಕೋಲಿಬ್ರಿ'ಯನ್ನು ಜರ್ಮನ್ ನೌಕಾಪಡೆ ಬಾಲ್ಟಿಕ್ ಸಮುದ್ರದಲ್ಲಿ ಹಡಗಿನ ಮೇಲಿಂದ ಹಾರಿಸಿ, ಇಳಿಸಿ ಪರೀಕ್ಷಿಸಿತು. 160 ಅಶ್ವಶಕ್ತಿಯ ಇಂಜಿನು, ತೆರೆದ ಪೀಠ, ಮರದ ಅಲಗು: ಸಲಕರಣೆ ಬಡವಾದರೂ ಕೆಲಸ ಬಡವಾಗಿರಲಿಲ್ಲ. 1944ರಲ್ಲಿ 1,000 ವಾಹನಗಳಿಗೆ ಬೇಡಿಕೆ ಬಂದಿತು; ಆದರೆ ತಯಾರಿಸಬೇಕಾಗಿದ್ದ ಬಿಎಂಡಬ್ಲ್ಯು ಕಾರ್ಖಾನೆಗಳ ಮೇಲೆ ಬಾಂಬುಗಳು ಬಿದ್ದವು. ಒಟ್ಟು ತಯಾರಾದುವು 24ರಷ್ಟು ಮಾತ್ರ. ಹಲ್ಲುಚಕ್ರ ಮುರಿದು ಆ ಯೋಜನೆ ನಿಂತದ್ದಲ್ಲವೆಂಬುದನ್ನು ಮರೆಯಬಾರದು. ಯುದ್ಧಾನಂತರ ಫ್ಲೆಟ್ನರನು ಅಮೆರಿಕಕ್ಕೆ ಹೋಗಿ, 1961ರಲ್ಲಿ ತೀರಿಕೊಂಡನು.

ಅಮೆರಿಕದಲ್ಲಿ ಈ ದಾರಿ ಹಿಡಿದವನು ಚಾರ್ಲ್ಸ್ ಕಮಾನ್. 1945ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಸ್ವಂತ ಕಂಪನಿ ತೆರೆದ ಈತ ಗಿಟಾರ್ ವಾದಕನೂ ಹೌದು. ಮುಂದೆ ಗಿಟಾರುಗಳನ್ನೂ ತಯಾರಿಸಿ ಮಾರಿದನು. ಅಲಗನ್ನು ಬುಡದಲ್ಲಿ ಹಿಡಿದು ತಿರುಚುವುದರ ಬದಲು, ಅಲಗಿನ ಹಿಂಬದಿಯಲ್ಲಿ ಪುಟ್ಟ ರೆಕ್ಕೆಯೊಂದನ್ನು ಜೋಡಿಸಿ, ಅದನ್ನು ಓಲಿಸಿದರೆ ಗಾಳಿಯೇ ಅಲಗನ್ನು ತಿರುಚುವಂತೆ ಮಾಡಿದ್ದು ಈತನ ಜಾಣ್ಮೆ. ಚಾಲಕನ ಕೈಗೆ ಇದರಿಂದ ಹೊರೆ ಹಗುರವಾಯಿತು. 1951ರ ಡಿಸೆಂಬರಿನಲ್ಲಿ ಈತನ ಕೆ-225 ಟರ್ಬೈನ್ ಇಂಜಿನಿನಿಂದ ಹಾರಿದ ಮೊದಲ ಹೆಲಿಕಾಪ್ಟರಾಯಿತು. ಅಮೆರಿಕದ ವಾಯುಸೇನೆ 'ಹಸ್ಕಿ' ಎಂಬ ವಾಹನವನ್ನು ಬೆಂಕಿ ಆರಿಸುವುದಕ್ಕೂ ಬಿದ್ದ ಚಾಲಕರನ್ನು ಎತ್ತಿತರುವುದಕ್ಕೂ ವಿಯಟ್ನಾಮಿನಲ್ಲಿ ಬಳಸಿತು. 1960ರ ದಶಕದಲ್ಲಿ ಪಾಕಿಸ್ತಾನದ ವಾಯುಸೇನೆಯ ಬಳಿಯೂ ಹಸ್ಕಿಗಳಿದ್ದವು. ಎಂದರೆ ಈ ಮಾದರಿ ನಮ್ಮ ಉಪಖಂಡದ ಆಕಾಶಕ್ಕೆ ಅಪರಿಚಿತವಲ್ಲ.

ಇತ್ತ ನಮ್ಮ ದೇಶ ಹಿಡಿದದ್ದು ಬಾಲದ ದಾರಿ. 1954ರಲ್ಲಿ ವಾಯುಸೇನೆಗೆ ಬಂದ ಮೊದಲ ಹೆಲಿಕಾಪ್ಟರು ಸಿಕೋರ್ಸ್ಕಿಯ ಎಸ್-55. ಬೆಂಗಳೂರಿನಲ್ಲಿ 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ್ದ ವಿಮಾನ ಕಾರ್ಖಾನೆ, 1962ರ ಒಪ್ಪಂದದಂತೆ, ಫ್ರಾನ್ಸಿನ ಅಲುವೆಟ್ 3 ಅನ್ನು 'ಚೇತಕ್' ಎಂಬ ಹೆಸರಿನಲ್ಲಿ ಕಟ್ಟಲಾರಂಭಿಸಿತು. ಬಳಿಕ ಬಂದದ್ದು 'ಚೀತಾ'. ಅದರ ಮೂಲವಾದ 'ಲಾಮಾ'ವನ್ನು ಹಿಮಾಲಯದ ತೆಳುಗಾಳಿಗೆ ಒದಗುವಂತೆ, ಭಾರತದ ಅಗತ್ಯವನ್ನೇ ಮುಂದಿಟ್ಟುಕೊಂಡು, ಫ್ರೆಂಚರು ರೂಪಿಸಿದ್ದರು. 1972ರಲ್ಲಿ ಅದು 12,442 ಮೀಟರು ಏರಿ ದಾಖಲೆ ಮಾಡಿತು. ಬಾಲದ ರೋಟರಿನ ವಾಹನ ಎತ್ತರಕ್ಕೆ ಸಲ್ಲದೆಂಬ ವಾದ ಆ ದಿನವೇ ಬಿದ್ದುಹೋಯಿತೆನ್ನಬೇಕು.

ಹಾಗಾದರೆ ನಡೆಯದೆ ಉಳಿದ ದಾರಿ ಕೀಳೆಂದು ತೀರ್ಮಾನಿಸಬಹುದೆ? ಅದರ ದೋಷಗಳನ್ನು ಮುಚ್ಚಿಡುವುದು ನಮ್ಮ ಉದ್ದೇಶವಲ್ಲ. ಎರಡು ಅಚ್ಚುಗಳು ಗಾಳಿಗೆ ಎದೆಯೊಡ್ಡುವುದರಿಂದ ವೇಗ ಕುಗ್ಗುತ್ತದೆ; ಕಮಾನನ ಕಂಪನಿಯ ಕೆ-ಮ್ಯಾಕ್ಸ್ ಗಂಟೆಗೆ ಸುಮಾರು 185 ಕಿಲೋಮೀಟರಿಗಿಂತ ಹೆಚ್ಚು ಓಡಲಾರದು. ವಾಲಿದ ಅಲಗುಗಳು ಪಕ್ಕಗಳಲ್ಲಿ ನೆಲಕ್ಕೆ ಹತ್ತಿರ ಬರುವುದರಿಂದ ವಾಹನದ ಬಳಿಗೆ ಎದುರಿನಿಂದಲೇ ಹೋಗಬೇಕು. ಆದರೆ ಅದೇ ಕೆ-ಮ್ಯಾಕ್ಸ್, ತನ್ನ ಬರಿಯ ತೂಕ 2,300 ಕಿಲೋಗ್ರಾಮಿನಷ್ಟಿದ್ದರೂ, 2,700 ಕಿಲೋಗ್ರಾಮಿನಷ್ಟು ಹೊರೆಯನ್ನು ಕೊಂಡಿಗೆ ತೂಗಿಹಾಕಿಕೊಂಡು ಏಳಬಲ್ಲುದು. ಕಾಡಿನ ದಿಮ್ಮಿಗಳನ್ನು ಎತ್ತುವವರಿಗೆ ಇದಕ್ಕಿಂತ ಬೇರೆ ಗುಣ ಬೇಕಿಲ್ಲ. ಯೋಧರನ್ನು ತ್ವರೆಯಾಗಿ ಸಾಗಿಸುವ ಸೇನೆಗೆ ಇದೊಂದೇ ಸಾಲದು.

ನಮ್ಮ ಅಭಿಪ್ರಾಯದಲ್ಲಿ, ವೇಗದ ಕೊರತೆಗಿಂತಲೂ ಬಲವಾದ ಕಾರಣ ಕಾರ್ಖಾನೆಯ ಒಳಗೇ ಇದೆ. ಮುನ್ನೂರಕ್ಕೂ ಹೆಚ್ಚು ಚೇತಕ್‌ಗಳನ್ನು ಕಟ್ಟಿದ ಕಾರ್ಖಾನೆಯ ಅಚ್ಚು, ಅಳತೆಗೋಲು, ಫಿಟ್ಟರನ ಕೈವಾಡಿಕೆ, ಚಾಲಕರ ಪಾದದ ಅಭ್ಯಾಸ, ರಿಪೇರಿಯ ಕೈಪಿಡಿ ಇವೆಲ್ಲವೂ ಬಾಲದ ರೋಟರಿಗೆ ಒಗ್ಗಿಹೋಗಿರುತ್ತವೆ. ಜರ್ಮನಿಯ ಎಂಬಿಬಿ ಸಂಸ್ಥೆಯೊಡನೆ 1984ರಲ್ಲಿ ಒಪ್ಪಂದ ಮಾಡಿಕೊಂಡು ರೂಪಿಸಿ, 1992ರ ಆಗಸ್ಟ್ 20ರಂದು ಹಾರಿಸಿದ 'ಧ್ರುವ'ದಲ್ಲಿ ಹೊಸತು ಬಹಳವಿತ್ತು. ಬಾಲ ಮಾತ್ರ ಹಳೆಯದೇ ಉಳಿಯಿತು. 2016ರ ಸೆಪ್ಟೆಂಬರ್ 6ರಂದು ಹಾರಿದ ಲಘು ಉಪಯೋಗಿ ಹೆಲಿಕಾಪ್ಟರು ಈ ಪೀಳಿಗೆಯದೇ. ಆಯ್ಕೆ ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಅದು 2016ರಲ್ಲಿ ಆದ ಆಯ್ಕೆಯಲ್ಲ, 1962ರಲ್ಲಿ ಲೈಸೆನ್ಸಿನೊಡನೆ ಬಂದದ್ದು. ಫ್ಲೆಟ್ನರನ ದಾರಿಯನ್ನು ಬಾಂಬು ಕಡಿದರೆ ನಮ್ಮ ದಾರಿಯನ್ನು ಒಪ್ಪಂದಪತ್ರ ತೆರೆಯಿತು. ಶಾಸನಗಳನ್ನೂ ದಾನಪತ್ರಗಳನ್ನೂ ಓದುವ ನಮ್ಮ ವಿದ್ಯಾರ್ಥಿಗಳು ಇಂತಹ ಪತ್ರಗಳನ್ನೂ ಅದೇ ಶ್ರದ್ಧೆಯಿಂದ ಓದಬೇಕೆಂಬುದು ನಮ್ಮ ಬಯಕೆ.

ಕೆ-ಮ್ಯಾಕ್ಸ್ ಮೊದಲು ಹಾರಿದ್ದು 1991ರಲ್ಲಿ. 2011ರಿಂದ ಕೆಲಕಾಲ ಅಫ್ಘಾನಿಸ್ತಾನದಲ್ಲಿ ಅದು ಚಾಲಕನಿಲ್ಲದೆಯೇ ಸಾಮಾನು ಸಾಗಿಸಿತು. 2003ರಲ್ಲಿ ನಿಂತಿದ್ದ ತಯಾರಿಕೆಯನ್ನು 2015ರಲ್ಲಿ ಮತ್ತೆ ಆರಂಭಿಸಿದರು. ಕಟ್ಟಿದ ಸಂಖ್ಯೆ ಒಟ್ಟು ಅರುವತ್ತರ ಆಸುಪಾಸು. ಅದನ್ನು ಕೊನೆಗಾಣಿಸುವುದಾಗಿ ಕಂಪನಿ ಸಾರಿದ್ದು 2023ರ ಜನವರಿಯಲ್ಲಿ, ಬಿದರೆಹಳ್ಳ ಕಾವಲಿನ ಕಾರ್ಖಾನೆಯ ಬಾಗಿಲು ತೆರೆಯುವುದಕ್ಕೆ ಕೆಲವೇ ವಾರಗಳ ಮುಂಚೆ. ಇವೆರಡಕ್ಕೆ ಕಾರ್ಯಕಾರಣ ಸಂಬಂಧವಿಲ್ಲ.