ಬ್ರೇಕ್ ಆಯಿಲ್‌ನಲ್ಲಿ ಎಣ್ಣೆ ಎಲ್ಲಿದೆ?

ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಎರೆಹೊಲಗಳ ರೈತರಿಗೆ ಔಡಲ ಹೊಸದಲ್ಲ. ಹೊಟ್ಟೆ ತೊಳೆಯಲು, ದೀಪ ಉರಿಸಲು, ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆಯಾಗಿ ಅದರ ಎಣ್ಣೆ ಬಳಕೆಯಲ್ಲಿತ್ತು. ಚಕ್ಕಡಿ ಓಡಿಸಿದ ಇದೇ ಎಣ್ಣೆ ಒಂದು ಕಾಲಕ್ಕೆ ಮೋಟಾರು ನಿಲ್ಲಿಸುವ ಕೆಲಸವನ್ನೂ ಮಾಡಿತ್ತೆಂಬುದು ಅನೇಕರಿಗೆ ತಿಳಿಯದು.

ಆರಂಭದ ಮೋಟಾರುಗಳ ಬ್ರೇಕನ್ನು ಸರಳು, ತಂತಿಗಳೇ ಎಳೆಯುತ್ತಿದ್ದವು. ನಾಲ್ಕೂ ಚಕ್ರಗಳು ಸಮನಾಗಿ ಹಿಡಿಯುವಂತೆ ಅವನ್ನು ಹೊಂದಿಸುವುದು ಕಷ್ಟ. ಮುಚ್ಚಿದ ದ್ರವವನ್ನು ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಫ್ರಾನ್ಸಿನ ಪಾಸ್ಕಲ್ 17ನೇ ಶತಮಾನದಲ್ಲಿಯೇ ತೋರಿಸಿದ್ದ. ಈ ತತ್ವವನ್ನು 1910ರ ದಶಕದ ಕೊನೆಗೆ ಮೋಟಾರಿಗೆ ಅಳವಡಿಸಿದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. 1921ರಲ್ಲಿ ಡ್ಯೂಸನ್‌ಬರ್ಗ್, 1924ರಲ್ಲಿ ಕ್ರೈಸ್ಲರ್ ಕಾರುಗಳಿಗೆ ಈ ಬ್ರೇಕು ಬಂತು. ಮೊದಲಿನ ಚರ್ಮದ ವಾಷರುಗಳು ಸೋರುತ್ತಿದ್ದುದರಿಂದ ಕ್ರೈಸ್ಲರ್ ಎಂಜಿನಿಯರರು ರಬ್ಬರ್ ಕಪ್ ಹಾಕಿದರು. ರಬ್ಬರನ್ನು ಕೆಡಿಸದ ದ್ರವವಾಗಿ ಔಡಲೆಣ್ಣೆ ಮತ್ತು ಆಲ್ಕೋಹಾಲ್ ಮಿಶ್ರಣ ಬಳಕೆಗೆ ಬಂತು.

ಮುಂದೆ ಅದರ ಜಾಗಕ್ಕೆ ಗ್ಲೈಕಾಲ್ ರಾಸಾಯನಿಕದ ದ್ರವ ಬಂತು. ಎಣ್ಣೆ ಹೋಯಿತು, ಆದರೂ ನಾವು ಅದನ್ನು ‘ಬ್ರೇಕ್ ಆಯಿಲ್’ ಎಂದೇ ಕರೆಯುತ್ತೇವೆ. ಈ ಹೆಸರೇ ಅಪಾಯಕ್ಕೆ ದಾರಿಯಾಗಬಹುದು. ಎಲ್ಲವೂ ಆಯಿಲ್ ತಾನೆ ಎಂದು ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಕಪ್‌ಗಳು ಉಬ್ಬಿ ಬ್ರೇಕೇ ಕೆಟ್ಟುಹೋಗುತ್ತದೆ.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ನಮಗೆಲ್ಲ ಪರಿಚಿತ. ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ, ಅಂದರೆ 1997ಕ್ಕೆ ಹಿಂದಿನ ದಿನಗಳಲ್ಲಿ, ಸಾಹೇಬರಿಗೂ ಮದುಮಕ್ಕಳಿಗೂ ಅದೇ ಗಾಡಿ. ಅದರ ಆರಂಭದ ಮಾದರಿಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ದ್ರವಮಾರ್ಗ. ಒಂದು ಕಡೆ ಸೋರಿದರೆ ಕಪ್ಪತಗುಡ್ಡದ ಇಳಿಜಾರಿನಲ್ಲಿ ಕೈಬ್ರೇಕೇ ಗತಿ!

ಸೋರಿಕೆಯಷ್ಟೇ ಕೆಟ್ಟದ್ದು ಗಾಳಿ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗುಳ್ಳೆಗಳಿದ್ದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ, ಚಕ್ರ ಹಿಡಿಯುವುದಿಲ್ಲ. ಗ್ಯಾರೇಜಿನವರು ‘ಏರ್ ತೆಗೆಯುವುದು’ ಎನ್ನುವುದು ಇದಕ್ಕೆ ಮದ್ದು. ಮನೆಯಂಗಳದಲ್ಲಿಯೂ ಇಬ್ಬರು ಸೇರಿ ಇದನ್ನು ಮಾಡಬಹುದು. ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ, ಸಾಮಾನ್ಯವಾಗಿ ಹಿಂದಿನ ಎಡ ಚಕ್ರದಿಂದ, ಆರಂಭಿಸಬೇಕು. ಅಲ್ಲಿನ ನಿಪ್ಪಲ್‌ಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲ್ ತುಳಿದು ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಬೇಕು. ಗುಳ್ಳೆಗಳು ಹೊರಬಂದ ಮೇಲೆ ನಿಪ್ಪಲ್ ಬಿಗಿದು, ಆನಂತರವೇ ಕಾಲು ತೆಗೆಯಬೇಕು. ಮೊದಲೇ ಕಾಲೆತ್ತಿದರೆ ಗಾಳಿ ಮತ್ತೆ ಒಳಸೇರುತ್ತದೆ. ಗುಳ್ಳೆ ನಿಲ್ಲುವವರೆಗೂ ಹೀಗೆಯೇ ಮಾಡುತ್ತ, ಮೇಲಿನ ಡಬ್ಬಿ ಬರಿದಾಗದಂತೆ ಹೊಸ ದ್ರವ ತುಂಬುತ್ತಿರಬೇಕು. ಪೆಡಲ್ ಗಟ್ಟಿಯಾಗದೆ ಗಾಡಿಯನ್ನು ರಸ್ತೆಗೆ ಇಳಿಸಬಾರದು.

ಈ ದ್ರವ ಹವೆಯ ತೇವವನ್ನು ಹೀರುತ್ತದೆ. ತೇವ ಸೇರಿದ ದ್ರವ ಕಾದಾಗ ಬೇಗ ಕುದಿದು ಆವಿಯಾಗುತ್ತದೆ, ಒಳಗಿನ ಲೋಹಕ್ಕೂ ತುಕ್ಕು ಹಿಡಿಸುತ್ತದೆ. ಆದ್ದರಿಂದ ಓಡದೆ ನಿಂತ ಹಳೆಯ ಕಾರಿಗೂ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ದ್ರವ ಬೇಕು. ಹಿರಿಯರು ಪ್ರಯಾಣಕ್ಕೆ ಮೊದಲು ಚಕ್ಕಡಿಯ ಅಚ್ಚು ನೋಡುತ್ತಿದ್ದರು. ಅಜ್ಜನ ಅಂಬಾಸಿಡರನ್ನು ತಿಕ್ಕಿ ಹೊಳಪಿಸುವವರು ಮೊದಲು ಅದರ ಪೆಡಲ್ ಒತ್ತಿ ನೋಡುವುದು ಲೇಸು.