ದೂರದಲ್ಲಿ ಕೇಳಿದ ಸಾವು

2025ರ ಮೇ ತಿಂಗಳ ಕೊನೆಯ ಒಂದು ರಾತ್ರಿ, ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿದ ಸುದ್ದಿ ಅವನನ್ನು ಮುಟ್ಟಿತ್ತು. “ಸಾರ್, ಇನ್ಮೇಲೆ ಯಾರಾದ್ರೂ ನಿಮ್ದು ಯಾವ ಜಿಲ್ಲೆ ಅಂತ ಕೇಳಿದ್ರೆ ನಾನೇನು ಹೇಳ್ಲಿ?” ಎಂದು ಕೇಳಿದ. ನಾನು ನಕ್ಕೆ. “ನಿಮ್ಮಪ್ಪ ಹುಟ್ಟಿದಾಗ ನಿಮ್ಮೂರು ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯಿತು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. ನಿಮ್ಮ ತೋಟ ಒಂದು ಗೇಣೂ ಕದಲಿಲ್ಲ ಕಣಯ್ಯ” ಎಂದೆ. ಅವನು ನಗಲಿಲ್ಲ. “ತೋಟ ಕದಲಲಿಲ್ಲ ಸಾರ್, ಕದಲಿದ್ದು ನಾನು” ಎಂದ.

ಮೇಷ್ಟ್ರ ಚಟ ಬಿಡುತ್ತದೆಯೇ? ಊರಿನ ಹೆಸರುಗಳ ಕಥೆಯನ್ನು ಆ ಹೊತ್ತಿನಲ್ಲಿಯೂ ಅವನಿಗೆ ಹೇಳಿದೆ. ಟಿಪ್ಪುವಿನ ಕಾಲದಲ್ಲಿ ರಾಮನಗರಕ್ಕೆ ಶಂಶೇರಾಬಾದ್ ಎಂಬ ಹೆಸರಿತ್ತು. 1800ರಲ್ಲಿ ದಿವಾನ್ ಪೂರ್ಣಯ್ಯನವರು ಕಾಡಿನ ನಡುವೆ ಹಾದುಹೋಗುತ್ತಿದ್ದ ಹೆದ್ದಾರಿಯ ಭದ್ರತೆಗೆಂದು ಇಲ್ಲೊಂದು ಪೇಟೆ ಕಟ್ಟಿಸಿ, ಅಂದಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟರು. ಹಳಬರ ಬಾಯಲ್ಲಿ ಬಹುಕಾಲ ಅದು ಕ್ಲೋಸ್‌ಪೇಟೆಯಾಗಿಯೇ ಉಳಿದಿತ್ತು. ಕ್ಲೋಸ್ ಐರ್ಲೆಂಡಿನವನು. ಎಳೆಯ ಪ್ರಾಯದಲ್ಲಿಯೇ ಕಂಪನಿಯ ಸೈನ್ಯ ಸೇರಿ ಬಂದವನು ಜೀವಮಾನದ ಬಹುಭಾಗವನ್ನು ಈ ದೇಶದಲ್ಲಿ ಕಳೆದು, ಹಿಂದಿರುಗಿದ ಕೆಲವೇ ವರ್ಷಗಳಲ್ಲಿ, 1813ರಲ್ಲಿ ತೀರಿಕೊಂಡ. ಊರು ಅವನ ಹೆಸರನ್ನು ಕಳಚಿದರೂ ಕಲ್ಲು ಕಳಚಲಿಲ್ಲ. ರಾಮದೇವರ ಬೆಟ್ಟ, ಮಾಗಡಿಯ ಸಾವನದುರ್ಗಗಳ ಬಂಡೆಗೆ ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೇಳುತ್ತಾರೆ. ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು.

ಅವನು ಎಲ್ಲವನ್ನೂ ಕೇಳಿಸಿಕೊಂಡು, “ಸರಿ ಸಾರ್, ಮಲ್ಕೊಳಿ” ಎಂದ. ನನಗೆ ನಿದ್ರೆ ಬರಲಿಲ್ಲ. ಇದೇ ಹುಡುಗ ನಾಲ್ಕು ವರ್ಷಗಳ ಹಿಂದೆ, ಇದೇ ಮೇ ತಿಂಗಳಿನಲ್ಲಿ, ಇನ್ನೊಂದು ಕರೆ ಮಾಡಿದ್ದ. ಆಗ ನಾನು ಕೊಟ್ಟ ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತದೆ.

2021ರ ಕೋವಿಡ್ ಎರಡನೆಯ ಅಲೆಯಲ್ಲಿ ಅವನ ತಂದೆ ಹೋದರು. ರೇಷ್ಮೆ ಬೆಳೆಗಾರರು. ಮನೆಯಲ್ಲಿ ಹುಳು ನಾಲ್ಕನೆಯ ಜ್ವರ ಎದ್ದು ಬಕಾಸುರನಂತೆ ಸೊಪ್ಪು ತಿನ್ನುತ್ತಿದ್ದ ವಾರ ಅದು. ಯಜಮಾನರು ಆಸ್ಪತ್ರೆಯಲ್ಲಿ, ಮನೆಯಾಕೆ ಪ್ರತ್ಯೇಕ ಕೋಣೆಯಲ್ಲಿ. ನೆರೆಯವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಸೊಪ್ಪು ಹಾಕಿ ಹುಳು ಉಳಿಸಿದರು. ಮಗ ಬರುವಂತಿರಲಿಲ್ಲ. ಆ ಮೇ 4ರಿಂದ ಅಮೆರಿಕವು ಭಾರತದಿಂದ ಬರುವ, ತನ್ನ ಪ್ರಜೆಗಳಲ್ಲದ ಬಹುತೇಕರ ಪ್ರವೇಶವನ್ನು ನಿಲ್ಲಿಸಿತ್ತು. ಇಲ್ಲಿಗೆ ಬಂದರೆ ಯಾವಾಗ ಹಿಂದಿರುಗಬಹುದೆಂದು ಹೇಳುವವರಿರಲಿಲ್ಲ. ಅಲ್ಲಿ ಹೆಂಡತಿ ಏಳು ತಿಂಗಳ ಬಸುರಿ. ಅವನು ತಂದೆಯ ಚಿತೆಯನ್ನು ಮೊಬೈಲಿನ ಅಂಗೈಯಗಲದ ತೆರೆಯಲ್ಲಿ ಕಂಡ. ನಡುವೆ ಎರಡು ಸಲ ಸಂಪರ್ಕ ಕಡಿದುಹೋಯಿತಂತೆ.

ಮರುದಿನ ನನಗೆ ಕರೆ ಮಾಡಿ, “ಸಾರ್, ನನಗೆ ಅಳುವೇ ಬರ್ತಿಲ್ಲ. ನಾನೇನು ಮನುಷ್ಯನಾ?” ಎಂದ. ನಾನು ಏನು ಹೇಳಿದೆ? “ಧೈರ್ಯ ತಂದುಕೋ. ನಿನ್ನನ್ನು ನೋಡಿಕೊಂಡು ನಿಮ್ಮಮ್ಮ ಧೈರ್ಯ ತಂದುಕೊಳ್ಳಬೇಕು. ಕೆಲಸದಲ್ಲಿ ಮನಸ್ಸು ತೊಡಗಿಸು.” ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇತಿಹಾಸ ಕಲಿಸಿದವನು ಹೇಳಬಹುದಾದ ಮಾತೇ ಅದು? ಅವನು ನಾನೆಂದಂತೆಯೇ ನಡೆದ. ಮೂರನೆಯ ದಿನ ಇಲ್ಲಿ ತಮ್ಮಂದಿರು ಹಾಲುತುಪ್ಪ ಬಿಡುತ್ತಿದ್ದಾಗ ಅಲ್ಲಿ ಅವನು ಕಚೇರಿಯ ಸಭೆಯಲ್ಲಿ ಕುಳಿತಿದ್ದ. ಆರು ತಿಂಗಳ ಬಳಿಕ ನಿದ್ರೆಯಿಲ್ಲದೆ, ಊಟ ಸೇರದೆ, ಒಬ್ಬ ವೈದ್ಯೆಯ ಬಳಿ ಹೋಗಬೇಕಾಯಿತು.

ಅಂದಿನಿಂದ ಈ ವಿಷಯವಾಗಿ ಒಂದಷ್ಟು ಓದಿದೆ. ಓದಿದಾಗ ತಿಳಿದದ್ದೆಂದರೆ, ದೂರದಲ್ಲಿದ್ದು ಸಾವಿನ ಸುದ್ದಿ ಕೇಳುವವನ ಸಂಕಟ ಹೊಸದೇನಲ್ಲ. ಮನುಸ್ಮೃತಿಯ ಬಗ್ಗೆ ನನಗೆ ನೂರು ತಕರಾರುಗಳಿವೆ. ಆದರೂ ಅದರ ಐದನೆಯ ಅಧ್ಯಾಯದಲ್ಲಿ ಪರದೇಶದಲ್ಲಿ ತೀರಿಕೊಂಡ ನಂಟನ ಸುದ್ದಿ ತಡವಾಗಿ ಕೇಳಿದವರಿಗೆಂದೇ ವಿಧಿಯಿದೆ. ಹತ್ತು ದಿನದೊಳಗೆ ಕೇಳಿದರೆ ಉಳಿದಷ್ಟು ದಿನ ಸೂತಕ, ಹತ್ತು ದಿನ ಕಳೆದಿದ್ದರೆ ಮೂರು ರಾತ್ರಿ, ವರ್ಷ ಕಳೆದಿದ್ದರೆ ಸ್ನಾನ. ಶುದ್ಧಿ ಅಶುದ್ಧಿಯ ಮಾತು ಹಾಗಿರಲಿ. ನನಗೆ ಅದರಲ್ಲಿ ಕಂಡದ್ದು ಬೇರೆ. ಸುದ್ದಿ ಕಿವಿಗೆ ಬಿದ್ದ ದಿನವೇ ದುಃಖದ ಮೊದಲ ದಿನ, ಎಷ್ಟು ದೂರದಲ್ಲಿದ್ದರೂ ಅದಕ್ಕೆಂದು ದಿನಗಳನ್ನು ತೆಗೆದಿಡಲೇಬೇಕು ಎಂಬ ತಿಳಿವಳಿಕೆ. ನಾನೋ, ಆ ಹುಡುಗನಿಗೆ ಒಂದು ರಾತ್ರಿಯನ್ನೂ ತೆಗೆದಿಡಲಿಲ್ಲ.

ಪಶ್ಚಿಮದವರು ಇದನ್ನು ಕಾಯಿಲೆಯೆಂದೇ ಕಂಡಿದ್ದರು. 1688ರಲ್ಲಿ ಬಾಸೆಲ್‌ನ ಯೊಹಾನ್ನೆಸ್ ಹೋಫರ್ ಎಂಬ ತರುಣ ವೈದ್ಯ ತನ್ನ ಪ್ರಬಂಧದಲ್ಲಿ ಊರು ಬಿಟ್ಟವರ ಕೊರಗಿಗೆ ನಾಸ್ಟಾಲ್ಜಿಯಾ ಎಂಬ ಪದವನ್ನು ಟಂಕಿಸಿದ. ಗ್ರೀಕಿನಲ್ಲಿ ಮನೆಗೆ ಮರಳುವಿಕೆ ಎಂಬುದನ್ನೂ ನೋವು ಎಂಬುದನ್ನೂ ಕೂಡಿಸಿದರೆ ಆ ಪದ. ಇಂದು ಹಳೆಯ ಸಿನಿಮಾ ಹಾಡು ಕೇಳಿದಾಗ ಆಡುವ ಹಗುರ ಮಾತಾಗಿರುವ ಅದು ಹುಟ್ಟಿದ್ದು ರೋಗದ ಹೆಸರಾಗಿ. ಊರಿಗೆ ಕಳುಹಿಸುವುದೇ ಅದಕ್ಕೆ ಮುಖ್ಯ ಔಷಧವೆಂದು ಹೋಫರ್ ನಂಬಿದ್ದ. ಇನ್ನು 1970ರ ದಶಕದಲ್ಲಿ ಅಮೆರಿಕದ ಪಾಲಿನ್ ಬಾಸ್ ಎಂಬ ವಿದುಷಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಕಂಡು, ದೇಹ ನೋಡದ, ಕೊನೆ ಕಾಣದ ಅಗಲಿಕೆಯೇ ಒಂದು ಬೇರೆ ಬಗೆಯ ದುಃಖವೆಂದು ತೋರಿಸಿದರು. ಅಳು ಬಾರದಿದ್ದುದಕ್ಕೆ ನನ್ನ ವಿದ್ಯಾರ್ಥಿ ಮನುಷ್ಯತ್ವವನ್ನೇ ಶಂಕಿಸಿಕೊಳ್ಳಬೇಕಾಗಿರಲಿಲ್ಲ.

ಇಷ್ಟಾದರೂ ನನ್ನ ಮನಸ್ಸು ಮರಳಿ ಮರಳಿ ಹೋದದ್ದು ನಮ್ಮ ಸೀಮೆಯ ದಾರಿಗಳಿಗೆ. ಶ್ರೀರಂಗಪಟ್ಟಣಕ್ಕೂ ಪೂರ್ವದ ನಾಡುಗಳಿಗೂ ನಡುವಿನ ಬಾಗಿಲು ನಮ್ಮದು. ಚನ್ನಪಟ್ಟಣ, ರಾಮನಗರಗಳ ಮೇಲೆ ಒಂದು ದಾರಿ, ಕನಕಪುರದ ಮೇಲೆ ಇನ್ನೊಂದು. ಶತ್ರುಸೈನ್ಯಕ್ಕೆ ನೆರವಾಗಬಾರದೆಂದು ಟಿಪ್ಪು ಕನಕಪುರವನ್ನು ಎರಡು ಬಾರಿ ಸುಡಿಸಿದ ಎಂದು ರೈಸ್‌ನ ಗೆಜೆಟಿಯರ್ ದಾಖಲಿಸುತ್ತದೆ. ಅವನ ಧರ್ಮಗುರು ಅಕಲ್ ಷಾ ಖಾದ್ರಿಯವರ ಗೋರಿ ಚನ್ನಪಟ್ಟಣದಲ್ಲಿದೆ. ಟಿಪ್ಪುವಿನ ಆಳ್ವಿಕೆಯ ಕುರಿತು ಇಂದು ನಡೆಯುವ ಜಗಳ ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಅವನ ಮಕ್ಕಳ ಸಂಗತಿ. ತಂದೆಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಮಕ್ಕಳು ಮಕ್ಕಳೇ.

1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಹಿಡಿಯಿತು. ಮರುವರ್ಷದ ಒಪ್ಪಂದದಂತೆ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಇಬ್ಬರು ರಾಜಕುಮಾರರು ಒತ್ತೆಯಾಳುಗಳಾಗಿ ಮದರಾಸಿಗೆ ಹೋದರು. ಒಬ್ಬನಿಗೆ ಸುಮಾರು ಹತ್ತು ವರ್ಷ, ಇನ್ನೊಬ್ಬನಿಗೆ ಎಂಟು. ನಮ್ಮಲ್ಲಿ ಮೂರನೆಯ, ಐದನೆಯ ತರಗತಿಯ ಮಕ್ಕಳು. ಕಾರ್ನ್‌ವಾಲಿಸ್ ಆ ಮಕ್ಕಳ ಕೈ ಹಿಡಿದು ಬರಮಾಡಿಕೊಂಡ ಚಿತ್ರಗಳನ್ನು ಇಂಗ್ಲೆಂಡಿನ ಕಲಾವಿದರು ಮೇಲಿಂದ ಮೇಲೆ ಬರೆದರು. ಚಿತ್ರಗಳಲ್ಲಿ ಎಲ್ಲರ ಮುಖದಲ್ಲಿಯೂ ಸೌಜನ್ಯವೇ ಸೌಜನ್ಯ! 1794ರಲ್ಲಿ ದೇವನಹಳ್ಳಿಯಲ್ಲಿ ಮಕ್ಕಳನ್ನು ತಂದೆಗೆ ಒಪ್ಪಿಸಲಾಯಿತು. ಆ ಮರಳುವಿಕೆ ಐದು ವರ್ಷದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಹತನಾದ ಬಳಿಕ ಅವನ ಮಕ್ಕಳೆಲ್ಲರನ್ನೂ, ಮುಂದೆ ಅಂತಃಪುರದ ನೂರಾರು ಹೆಂಗಸರನ್ನೂ ವೆಲ್ಲೂರಿನ ಕೋಟೆಗೆ ಸಾಗಿಸಿದರು. ಆ ಮೇ 4 ಮತ್ತು ನನ್ನ ವಿದ್ಯಾರ್ಥಿಯ ಮೇ 4 ಒಂದೇ ದಿನಾಂಕವಾದದ್ದು ಕಾಕತಾಳೀಯ. ಆದರೂ ಇದನ್ನು ಬರೆಯುವಾಗ ನನ್ನ ಕೈ ಅರೆಗಳಿಗೆ ನಿಂತಿತು.

1806ರ ಜುಲೈ 10ರಂದು ವೆಲ್ಲೂರಿನಲ್ಲಿ ಸಿಪಾಯಿಗಳು ದಂಗೆಯೆದ್ದರು. ಅನುಮಾನ ರಾಜಕುಮಾರರ ಮೇಲೆ ಬಿತ್ತು. ಅವರನ್ನು ಇನ್ನೂ ದೂರಕ್ಕೆ, ಕಲ್ಕತ್ತೆಗೆ ಕಳುಹಿಸಿದರು. ಅಬ್ದುಲ್ ಖಾಲಿಕ್ ಆ ವರ್ಷವೇ ತೀರಿಕೊಂಡ. ಅನೇಕ ಹೆಂಗಸರು ವೆಲ್ಲೂರಿನಲ್ಲಿಯೇ ಉಳಿದರು. ಹೈದರನ ಪತ್ನಿ ಬಕ್ಷಿ ಬೇಗಂ, ಟಿಪ್ಪುವಿನ ಪತ್ನಿ ಪಾದಶಾ ಬೇಗಂ ಇವರ ಗೋರಿಗಳು ಅಲ್ಲಿಯೇ ಇವೆ. ಪಾದಶಾ ಬೇಗಂ ಸತ್ತದ್ದು 1834ರಲ್ಲಿ. ಎಂದರೆ ಗಂಡ ಸತ್ತ ಮೂವತ್ತೈದು ವರ್ಷಗಳ ಮೇಲೆ.

ಕಲ್ಕತ್ತೆಗೆ ಹೋದವರಲ್ಲಿ ಕಿರಿಯ ಮಗ ಗುಲಾಮ್ ಮಹಮ್ಮದ್ ಹುಟ್ಟಿದ್ದು 1795ರಲ್ಲಿ. ಶ್ರೀರಂಗಪಟ್ಟಣ ಬಿದ್ದಾಗ ನಾಲ್ಕು ವರ್ಷದ ಕೂಸು. ತಂದೆಯ ಮುಖವಾದರೂ ನೆನಪಿದ್ದೀತೇ? ಆದರೆ ಬಾಳಿನುದ್ದಕ್ಕೂ ಅವನ ಗುರುತು ಟಿಪ್ಪುವಿನ ಮಗನೆಂಬುದೇ. 1842ರಲ್ಲಿ ಕಲ್ಕತ್ತೆಯ ಧರ್ಮತಲದಲ್ಲಿ ಅವನು ಕಟ್ಟಿಸಿದ ಮಸೀದಿಗೆ ಇಂದಿಗೂ ತಂದೆಯ ಹೆಸರೇ. ಅದರ ಶಾಸನದಲ್ಲಿ ದೇವರಿಗೆ ಕೃತಜ್ಞತೆ ಹೇಳಿ, ಜೊತೆಗೆ ಕಂಪನಿಯ ನಿರ್ದೇಶಕರು 1840ರಲ್ಲಿ ತನ್ನ ಬಾಕಿ ವರ್ಷಾಶನ ಕೊಟ್ಟದ್ದರ ಸ್ಮರಣೆಯನ್ನೂ ಮಾಡಿದ್ದಾನೆ. ತಂದೆಯನ್ನು ಕೊಂದವರಿಂದಲೇ ಅನ್ನ, ಅವರಿಗೇ ಕೃತಜ್ಞತೆ. ಹಂಗಿನಲ್ಲಿ ಬದುಕುವವನ ಪಾಡು ಇದಕ್ಕಿಂತ ಚಿಕ್ಕದಾಗಿ ಎಲ್ಲಿಯೂ ಕೆತ್ತಿಸಿಕೊಂಡಿರಲಾರದು. 1855ರಲ್ಲಿ, ಅರವತ್ತರ ಪ್ರಾಯದಲ್ಲಿ, ಅವನು ಹೈದರ್ ಮತ್ತು ಟಿಪ್ಪುವಿನ ಇತಿಹಾಸದ ಒಂದು ಗ್ರಂಥವನ್ನು ತಿದ್ದಿ ಲಂಡನ್ನಿನಲ್ಲಿ ಪ್ರಕಟಿಸಿದ. ನಾಲ್ಕು ವರ್ಷಕ್ಕೇ ಊರು ಬಿಟ್ಟವನು ಊರಿನ ಕಥೆಯನ್ನು ತಿದ್ದುತ್ತಾನೆ! ಪರದೇಶದಲ್ಲಿ ಹುಟ್ಟಿದ ನಿಮ್ಮ ಮಕ್ಕಳಿಗೆ ನಮ್ಮೂರಿನ ನೆನಪೇ ಇಲ್ಲವೆಂದು ಕೊರಗುವ ತಾಯ್ತಂದೆಯರು ಇವನನ್ನು ಸ್ವಲ್ಪ ಗಮನಿಸಬೇಕು.

ಆ ವಂಶದ ಮತ್ತೊಂದು ಕವಲಿನಲ್ಲಿ ನೂರ್ ಇನಾಯತ್ ಖಾನ್ ಎಂಬ ಹೆಣ್ಣುಮಗಳು 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಪ್ಯಾರಿಸಿನ ಬಳಿ ಬೆಳೆದು, ಮಕ್ಕಳಿಗೆ ಜಾತಕ ಕಥೆಗಳನ್ನು ಬರೆದು, ಯುದ್ಧಕಾಲದಲ್ಲಿ ಬ್ರಿಟನ್ನಿನ ಗುಪ್ತ ನಿಸ್ತಂತು ಕಾರ್ಯಕರ್ತೆಯಾಗಿ ಫ್ರಾನ್ಸಿಗೆ ಹೋಗಿ, 1944ರ ಸೆಪ್ಟೆಂಬರಿನಲ್ಲಿ ದಾಖೌ ಸೆರೆಶಿಬಿರದಲ್ಲಿ ಹತಳಾದಳು. ಲಂಡನ್ನಿನ ಗಾರ್ಡನ್ ಚೌಕದಲ್ಲಿ 2012ರಿಂದ ಅವಳ ಪ್ರತಿಮೆಯಿದೆ. ಅಲ್ಲಿರುವ ನಮ್ಮ ಹುಡುಗರು ಒಮ್ಮೆ ಹೋಗಿ ಬನ್ನಿ.

ಈ ಕುಟುಂಬದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಂಗತಿ. ಅವರು ಸೆರೆಯಾಳುಗಳು. ರಾಜ್ಯ ಹೋಯಿತು, ಊರು ಹೋಯಿತು. ಆದರೆ ಸತ್ತವನನ್ನು ಬಲ್ಲವರೆಲ್ಲ ಒಂದೇ ಕೋಟೆಯೊಳಗಿದ್ದರು. ಒಬ್ಬ ಅತ್ತರೆ ಏಕೆ ಅಳುತ್ತಿದ್ದಾನೆಂದು ಇನ್ನೊಬ್ಬನಿಗೆ ವಿವರಿಸಬೇಕಾಗಿರಲಿಲ್ಲ. ನನ್ನ ವಿದ್ಯಾರ್ಥಿ ಸ್ವತಂತ್ರ. ಒಳ್ಳೆಯ ಸಂಬಳ, ಸ್ವಂತ ಮನೆ, ಎರಡು ಕಾರು. ಆದರೆ ಆ ಊರಿನಲ್ಲಿ ಅವನ ತಂದೆಯನ್ನು ಕಂಡಿದ್ದವರು ಹೆಂಡತಿಯ ಹೊರತು ಒಬ್ಬರೂ ಇಲ್ಲ. ಅವರು ಚಂದ್ರಿಕೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬೀಡಿ ಸೇದುತ್ತಿದ್ದ ಭಂಗಿ, ಗೂಡು ಮಾರುಕಟ್ಟೆಯಿಂದ ಬರುವಾಗ ಮಗನಿಗೆ ತರುತ್ತಿದ್ದ ಕಡಲೆಪುರಿ ಪೊಟ್ಟಣ ಇವುಗಳ ಬಗ್ಗೆ ಅವನು ಯಾರೊಡನೆ ಮಾತನಾಡಬೇಕಿತ್ತು? ನನ್ನೊಡನೆ ಮಾತನಾಡಬಹುದಿತ್ತು. ನಾನು ಅವರನ್ನು ಬಲ್ಲೆ. ಅದಕ್ಕಾಗಿಯೇ ಅವನು ಕರೆ ಮಾಡಿದ್ದ. ನಾನು ಧೈರ್ಯದ ಪಾಠ ಮಾಡಿದೆ.

2021ರ ನವೆಂಬರಿನಲ್ಲಿ ಅಮೆರಿಕ ಆ ನಿರ್ಬಂಧ ತೆಗೆಯಿತು. ಡಿಸೆಂಬರಿನಲ್ಲಿ ಅವನು ಬಂದ. ಅಸ್ಥಿಯ ಮಡಕೆಯನ್ನು ತಮ್ಮಂದಿರು ಮನೆಯೊಳಗೆ ತರದೆ ತೋಟದ ಮಾವಿನ ಮರಕ್ಕೆ ಕಟ್ಟಿ ಅಣ್ಣನಿಗಾಗಿ ಕಾದಿದ್ದರು. ಅಷ್ಟಾದರೂ ಭಾಗ್ಯ ಇವರಿಗಿತ್ತು. ಆ ವರ್ಷದ ಜೂನಿನಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಕೇಳದೆ ಉಳಿದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಸರ್ಕಾರವೇ ಕಾವೇರಿಯಲ್ಲಿ ವಿಸರ್ಜಿಸಿತ್ತು. ಕನಕಪುರದಾಚೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮಕ್ಕೆ ನಾನೂ ಅವರೊಡನೆ ಹೋದೆ. ನೀರಿಗಿಳಿದವನು ಮಡಕೆ ಬಿಟ್ಟ ಮೇಲೂ ಬಹಳ ಹೊತ್ತು ಮೇಲೆ ಬರಲಿಲ್ಲ. ದಡಕ್ಕೆ ಬಂದು, ಒದ್ದೆ ಪಂಚೆಯಲ್ಲಿಯೇ ಬಂಡೆಯ ಮೇಲೆ ಕುಳಿತು, ಏಳು ತಿಂಗಳಿನಿಂದ ಬಾರದಿದ್ದ ಅಳುವನ್ನು ಅತ್ತ. ನಾನು ಈ ಸಲ ಬಾಯಿ ತೆರೆಯಲಿಲ್ಲ. ತಮ್ಮಂದಿರು ಎರಡು ಕಡೆ ಕುಳಿತರು.

2025ರ ಆ ರಾತ್ರಿಯ ಕರೆಯ ನಂತರ ಒಂದು ಕೆಲಸ ಮಾಡಿದೆ. ನನ್ನ ಹಳೆಯ ವಿಳಾಸ ಪುಸ್ತಕ ತೆಗೆದು, ಅವನಿರುವಲ್ಲಿಂದ ಒಂದೆರಡು ಗಂಟೆಯ ದಾರಿಯೊಳಗಿರುವ ನಮ್ಮ ಸೀಮೆಯವರನ್ನು ಹುಡುಕಿದೆ. ನಾಲ್ವರು ಸಿಕ್ಕರು. ಮಾಗಡಿಯ ಒಬ್ಬಳು, ಚನ್ನಪಟ್ಟಣದವರು ಇಬ್ಬರು, ಕನಕಪುರದ ಒಬ್ಬ. ಎಲ್ಲರ ಒಪ್ಪಿಗೆ ಪಡೆದು ಒಬ್ಬರ ಸಂಖ್ಯೆಯನ್ನು ಒಬ್ಬರಿಗೆ ಕಳುಹಿಸಿದೆ. ಅದೇ ವರ್ಷದ ಮಾರಲಾಮಿಗೆ ಅವನ ಮನೆಯಲ್ಲಿ ಎಲ್ಲರೂ ಸೇರಿ ಹಿರಿಯರಿಗೆ ಎಡೆ ಇಟ್ಟರಂತೆ. ರಾಗಿಮುದ್ದೆ, ಕೋಳಿಸಾರು, ಅಪ್ಪನಿಗೆಂದು ಎಲ್ಲಿಂದಲೋ ತರಿಸಿದ ಒಂದು ಕಟ್ಟು ಬೀಡಿ. ಮಾಗಡಿಯ ಹುಡುಗಿ ಹಿಂದಿನ ವರ್ಷ ಅಜ್ಜಿಯನ್ನು ಕಳೆದುಕೊಂಡಿದ್ದಳು, ಊರಿಗೆ ಬರಲಾಗಿರಲಿಲ್ಲ. ಆ ಅಜ್ಜಿಗೂ ಅಲ್ಲಿಯೇ ಒಂದು ಎಲೆ ಹಾಕಿದರಂತೆ. ನಾಲ್ಕು ವರ್ಷದ ಮಗು, ಪಟದಲ್ಲಿದ್ದ ತಾತನನ್ನು ತೋರಿಸಿ, ಇವರಿಗೆ ಹೊಗೆ ಬಿಡೋದು ಯಾಕೆ ಇಷ್ಟ ಎಂದು ಕೇಳಿತಂತೆ. ಅದಕ್ಕೆ ಉತ್ತರ ಹೇಳಲೆಂದೇ ಅವನು ನನಗೆ ಮತ್ತೆ ಕರೆ ಮಾಡಿ, ಫೋನನ್ನು ಮಗುವಿನ ಕೈಗೆ ಕೊಟ್ಟ.