ಮುಟ್ಟು ನಿಂತ ನಂತರದ ಮೂಳೆರಕ್ಷಣೆ: ಆಹಾರ ಮತ್ತು ಹಾರ್ಮೋನ್ ಚಿಕಿತ್ಸೆಯ ಇತಿಹಾಸ

ಮುಟ್ಟು ನಿಂತ ಮಹಿಳೆಯರ ಮೂಳೆ ಸವೆತಕ್ಕೂ ಈಸ್ಟ್ರೋಜೆನ್ ಕೊರತೆಗೂ ಇರುವ ನಂಟನ್ನು ಬಾಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲಿ ಗುರುತಿಸಿದರು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಮಾತ್ರೆ ‘ಪ್ರೆಮರಿನ್’ಗೆ ಅಮೆರಿಕದಲ್ಲಿ 1942ರಲ್ಲಿ ಅನುಮತಿ ದೊರೆಯಿತು. ಈಸ್ಟ್ರೋಜೆನ್ ಒಂದನ್ನೇ ಸೇವಿಸಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚೆಂದು 1975ರಲ್ಲಿ ಗೊತ್ತಾಯಿತು. ಆಮೇಲೆ, ಗರ್ಭಕೋಶ ಇರುವವರಿಗೆ ಪ್ರೊಜೆಸ್ಟೋಜೆನ್ ಅನ್ನೂ ಸೇರಿಸಿ ಕೊಡುವುದು ರೂಢಿಯಾಯಿತು.

ಆಹಾರದ ಚರಿತ್ರೆ ಇಷ್ಟು ನೇರವಾಗಿಲ್ಲ. ಆಲ್‌ಬ್ರೈಟ್ ಪ್ರಕಾರ ಕೊರತೆ ಇದ್ದದ್ದು ಕ್ಯಾಲ್ಸಿಯಂನದಲ್ಲ, ಮೂಳೆಯ ಪ್ರೋಟೀನ್ ಹಂದರದ್ದು. 1960ರ ಸುಮಾರಿಗೆ ಬ್ರಿಟನ್ನಿನ ಕ್ರಿಸ್ಟೋಫರ್ ನಾರ್ಡಿನ್ ಇದನ್ನು ಒಪ್ಪದೆ, ಊಟದಲ್ಲಿ ಕ್ಯಾಲ್ಸಿಯಂ ಸಾಲದಿರುವುದೇ ಕಾರಣ ಎಂದು ವಾದಿಸಿದರು. ನೆಬ್ರಾಸ್ಕಾದ ರಾಬರ್ಟ್ ಹೀನಿ ಕ್ರೈಸ್ತ ಸನ್ಯಾಸಿನಿಯರ ದೇಹಕ್ಕೆ ಸೇರುವ, ದೇಹದಿಂದ ಹೊರಹೋಗುವ ಕ್ಯಾಲ್ಸಿಯಂ ಎರಡನ್ನೂ ಅಳೆದು, 1978ರಲ್ಲಿ ಲೆಕ್ಕ ಮುಂದಿಟ್ಟರು. ಮುಟ್ಟು ನಿಲ್ಲದವರಿಗೂ ಈಸ್ಟ್ರೋಜೆನ್ ಪಡೆಯುವವರಿಗೂ ದಿನಕ್ಕೆ ಸುಮಾರು 1 ಗ್ರಾಂ, ಮುಟ್ಟು ನಿಂತು ಹಾರ್ಮೋನ್ ಪಡೆಯದವರಿಗೆ 1.5 ಗ್ರಾಂ ಬೇಕು ಎಂಬುದು ಆ ಲೆಕ್ಕ. 1984ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆಯ ಶಿಫಾರಸಿನಲ್ಲೂ ಇದೇ ಅಂಕಿಗಳಿದ್ದವು. ಅಂಗಡಿಗಳಲ್ಲಿ ಕ್ಯಾಲ್ಸಿಯಂ ಮಾತ್ರೆಗೆ ಬೇಡಿಕೆ ಏರಿತು. ಹಾರ್ಮೋನ್ ಬದಲಿಗೆ ಮಾತ್ರೆ ಸಾಕು ಎಂಬ ತಪ್ಪು ತಿಳಿವಳಿಕೆಯೂ ಹಬ್ಬಿತು.

ಅದನ್ನು ಒರೆಗೆ ಹಚ್ಚಿದ್ದು 1987ರ ಡೆನ್ಮಾರ್ಕ್ ಅಧ್ಯಯನ. ಆಗಷ್ಟೇ ಮುಟ್ಟು ನಿಂತವರಿಗೆ ದಿನಕ್ಕೆ 2 ಗ್ರಾಂ ಕ್ಯಾಲ್ಸಿಯಂ ಕೊಟ್ಟರೂ ಬೆನ್ನುಮೂಳೆಯ ನಷ್ಟ ನಿಲ್ಲಲಿಲ್ಲ. ಈಸ್ಟ್ರೋಜೆನ್ ಪಡೆದವರಲ್ಲಿ ನಿಂತಿತು. ಆದರೆ 1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳ, ಸರಾಸರಿ 84 ವರ್ಷದ 3,270 ಮಹಿಳೆಯರ ಅಧ್ಯಯನ ಬೇರೆಯದನ್ನೇ ತೋರಿಸಿತು: ಕ್ಯಾಲ್ಸಿಯಂ ಜೊತೆ ವಿಟಮಿನ್ ಡಿ ಪಡೆದವರಲ್ಲಿ ಸೊಂಟದ ಮೂಳೆಮುರಿತ ಶೇ 43ರಷ್ಟು ಕಡಿಮೆಯಿತ್ತು. ಒಂದನ್ನೊಂದು ಅಲ್ಲಗಳೆಯುವಂತೆ ಕಾಣುವ ಈ ಫಲಿತಾಂಶಗಳ ಹಿಂದೆ ವಯಸ್ಸಿನ ವ್ಯತ್ಯಾಸವಿದೆ. ಮುಟ್ಟು ನಿಂತ ಮೊದಲ ವರ್ಷಗಳ ವೇಗದ ಸವೆತಕ್ಕೆ ಕಾರಣ ಹಾರ್ಮೋನ್ ಇಳಿಮುಖ. ಇಳಿವಯಸ್ಸಿನಲ್ಲಿ ಊಟದ ಮತ್ತು ಬಿಸಿಲಿನ ಕೊರತೆಯೂ ಸೇರಿಕೊಳ್ಳುತ್ತದೆ.

2002ರ ಜುಲೈ ಬಗ್ಗೆ ಹೆಚ್ಚಿನ ಬರಹಗಳು ಅರ್ಧವನ್ನಷ್ಟೇ ಹೇಳುತ್ತವೆ. 16,608 ಮಹಿಳೆಯರ ಮೇಲೆ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ನಡೆಸುತ್ತಿದ್ದ ಜೋಡಿ ಹಾರ್ಮೋನ್ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ವರ್ಷಕ್ಕೆ 10,000 ಮಹಿಳೆಯರಲ್ಲಿ 8 ಸ್ತನ ಕ್ಯಾನ್ಸರ್, 8 ಪಾರ್ಶ್ವವಾಯು ಪ್ರಕರಣ ಹೆಚ್ಚು. ಸೊಂಟ ಮುರಿತ 5 ಕಡಿಮೆ. ಮೂಳೆಯ ಮಟ್ಟಿಗೆ ಔಷಧ ಸೋತಿರಲಿಲ್ಲ. ಭಾಗಿಗಳ ಸರಾಸರಿ ವಯಸ್ಸು 63 ಎಂಬುದು ಮುಂದಿನ ಚರ್ಚೆಯ ಕೇಂದ್ರವಾಯಿತು: 50ರ ಆಸುಪಾಸಿನವರಿಗೆ ಅದೇ ಅಪಾಯವನ್ನು ಅನ್ವಯಿಸಬಹುದೆ? ಅದೇ ಯೋಜನೆಯ ಕ್ಯಾಲ್ಸಿಯಂ–ವಿಟಮಿನ್ ಡಿ ಪ್ರಯೋಗದಲ್ಲಿ (2006) ಸೊಂಟ ಮುರಿತದ ಇಳಿಕೆ ಖಚಿತವಾಗಲಿಲ್ಲ, ಮೂತ್ರಪಿಂಡದ ಕಲ್ಲು ಹೆಚ್ಚಿತು.

ಭಾರತದಲ್ಲಿ 2020ರ ಐಸಿಎಂಆರ್ ಶಿಫಾರಸು ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿ.ಗ್ರಾಂ ಕ್ಯಾಲ್ಸಿಯಂ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಇದ್ದರೂ ಅದರಲ್ಲಿನ ಫೈಟೇಟ್ ಒಂದಷ್ಟನ್ನು ದೇಹಕ್ಕೆ ಸಿಗದಂತೆ ಹಿಡಿದಿಡುತ್ತದೆ. ರಾಗಿಯನ್ನು ಮೊಳಕೆ ಬರಿಸಿ ಹುರಿಹಿಟ್ಟು ಮಾಡಿದರೆ ಫೈಟೇಟ್ ತಗ್ಗುತ್ತದೆ. ಉಳಿದ ಪಾಲನ್ನು ಹಾಲು, ಮೊಸರು, ಎಳ್ಳು, ಸೊಪ್ಪು ತುಂಬಬೇಕು.